ಕನ್ನಡ ವೆಬ್‌ಸೈಟ್‌ಗೆ ಪ್ಲಗಿನ್ ಆರಿಸುವುದು ಹೇಗೆ?

"ಯಾವ ಪ್ಲಗಿನ್ ಹಾಕಿದರೆ ಒಳ್ಳೇದು?" ತುಮಕೂರು ಜಿಲ್ಲೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಎಸ್.ಎಸ್. ಪುರಂನಲ್ಲಿ ಟ್ಯೂಷನ್ ನಡೆಸುವವರು ಕೇಳುತ್ತಾರೆ, ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು ಕೇಳುತ್ತಾರೆ, ಮಧುಗಿರಿ ಕಡೆಯ ರೈತ ಗುಂಪುಗಳು, ಊರ ದೇವಸ್ಥಾನದ ಟ್ರಸ್ಟಿನವರು ಕೇಳುತ್ತಾರೆ. ಪ್ಲಗಿನ್ ಅಂದರೆ ಸೈಟ್‌ಗೆ ಮೇಲಿಂದ ಸೇರಿಸುವ ಸೌಲಭ್ಯ. ಹತ್ತು ಹೆಸರು ಬರೆದು ಕೊಟ್ಟುಬಿಡಬಹುದು. ಆದರೆ ಆ ಪಟ್ಟಿ ಬೇಗ ಹಳತಾಗುತ್ತದೆ. ಇವತ್ತು ಚೆನ್ನಾಗಿರುವ ಪ್ಲಗಿನ್ ಮುಂದಿನ ವರ್ಷ ಯಾರದೋ ಕೈಗೆ ಹೋಗಿರಬಹುದು. ಹಾಗಾಗಿ ಆರಿಸುವ ರೀತಿಯನ್ನೇ ಇಲ್ಲಿ ಹೇಳುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪ್ಲಗಿನ್ ಹಾಕುವುದು ಒಂದು ನಿಮಿಷದ ಕೆಲಸ, ತೆಗೆಯುವುದೇ ಕಷ್ಟ. ತೆಗೆಯುವ ದಾರಿ ಗೊತ್ತಾದ ಮೇಲೆಯೇ ಹಾಕಿ. ಕನ್ನಡದ ಸೈಟ್ ಆಗಿದ್ದರೆ ಇನ್ನೂ ಒಂದು ಮಾತಿದೆ. ಇಂಗ್ಲಿಷ್‌ನಲ್ಲಿ ಚೆನ್ನಾಗಿ ಓಡುವ ಪ್ಲಗಿನ್ ಕನ್ನಡದಲ್ಲಿ ಎಡವುವುದು ತುಂಬಾ ಸಾಮಾನ್ಯ. ಅದನ್ನು ನೀವೇ ಪರೀಕ್ಷೆ ಮಾಡಬೇಕು, ಬೇರೆ ಯಾರೂ ಮಾಡಿಕೊಡುವುದಿಲ್ಲ.

ಮೊದಲು ಕೆಲವು ಪದಗಳು. ಕೋಡ್ ಬರೆಯದೆ ಪುಟಗಳನ್ನು ಹಾಕಲು, ತಿದ್ದಲು ಅನುಕೂಲ ಮಾಡಿಕೊಡುವ ತಂತ್ರಾಂಶಕ್ಕೆ ಸಿಎಂಎಸ್ ಅನ್ನುತ್ತಾರೆ. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್ ಎಲ್ಲವೂ ಸಿಎಂಎಸ್‌ಗಳೇ. ಅದಕ್ಕೆ ಮೇಲಿಂದ ಸೇರಿಸುವ ಸೌಲಭ್ಯವನ್ನು ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ ಅನ್ನುತ್ತಾರೆ, ಜೂಮ್ಲಾದಲ್ಲಿ ಎಕ್ಸ್‌ಟೆನ್ಷನ್, ಡ್ರೂಪಲ್‌ನಲ್ಲಿ ಮಾಡ್ಯೂಲ್. ಏನೂ ಸೇರಿಸದ ಮೂಲ ತಂತ್ರಾಂಶ ಅಂದರೆ ಕೋರ್. ಕೇಳುವವರಲ್ಲಿ ಹೆಚ್ಚಿನವರು 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ಸನ್ನೇ ಬಳಸುತ್ತಾರೆ, ಹಾಗಾಗಿ ಉದಾಹರಣೆಗಳು ಅದರದ್ದೇ. ಕ್ರಮ ಮಾತ್ರ ಎಲ್ಲದಕ್ಕೂ ಒಂದೇ.

ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು?

ಸೈಟ್‌ನ ಅಡ್ಮಿನ್ ಪಾಸ್‌ವರ್ಡ್ ಬೇಕು. ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ಕೂಡ ಬೇಕು. ಹೋಸ್ಟಿಂಗ್ ಅಂದರೆ ನಿಮ್ಮ ಸೈಟ್‌ನ ಕಡತಗಳು ಕೂತಿರುವ ಬಾಡಿಗೆ ಕಂಪ್ಯೂಟರ್. ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ, ಡೊಮೇನ್, ಅಂದರೆ ಸೈಟ್‌ನ ವಿಳಾಸ, ಅವನ ಇಮೇಲ್‌ನಲ್ಲಿ, ಹೋಸ್ಟಿಂಗ್ ಅವನ ಕಾರ್ಡ್‌ನಲ್ಲಿ ಇರುತ್ತದೆ. ಇದು ನಿಮ್ಮ ಸ್ಥಿತಿಯೂ ಆಗಿದ್ದರೆ ಪ್ಲಗಿನ್ ವಿಚಾರ ಪಕ್ಕಕ್ಕಿಡಿ. ಮೊದಲು ಎರಡನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸೆಟ್ಟಿಂಗ್ಸ್‌ನ ಜನರಲ್ ಪುಟಕ್ಕೆ ಹೋಗಿ ಅಡ್ಮಿನ್ ಇಮೇಲ್ ನಿಮ್ಮದೇನಾ ನೋಡಿ. ಸೈಟ್ ಕೆಟ್ಟಾಗ ಅದನ್ನು ತೆರೆಯುವ ಲಿಂಕ್ ಬರುವುದು ಆ ಇಮೇಲ್‌ಗೇ.

ಬ್ಯಾಕಪ್ ಕೂಡ ಬೇಕು. ಕಡತಗಳು, ನಿಮ್ಮ ಬರಹಗಳು ಕೂತಿರುವ ಡೇಟಾಬೇಸ್ ಎರಡೂ ಸೇರಿದ ಬ್ಯಾಕಪ್ ಆಗಿರಬೇಕು, ಹೋಸ್ಟಿಂಗ್‌ನಿಂದ ಹೊರಗಿರಬೇಕು. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್ ಅದನ್ನು ಉಚಿತವಾಗಿಯೇ ಗೂಗಲ್ ಡ್ರೈವ್‌ಗೆ ಕಳಿಸುತ್ತದೆ. ಸೈಟ್ ಇರುವ ಕಂಪ್ಯೂಟರ್‌ನಲ್ಲೇ ಬ್ಯಾಕಪ್ಪೂ ಇದ್ದರೆ, ಹೋಗುವಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಹಂತ 1: ಬೇಕಾದ ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಿರಿ

ಪ್ಲಗಿನ್ ಹೆಸರು ಹುಡುಕುವ ಮುಂಚೆ ಸೈಟ್‌ಗೆ ಬಂದವರು ಏನು ಮಾಡಬೇಕು ಅನ್ನುವುದನ್ನು ಬರೆಯಿರಿ. "ಪೋಷಕರು ಮಗುವಿನ ಹೆಸರು, ತರಗತಿ, ಫೋನ್ ನಂಬರ್ ಹಾಕಬೇಕು, ಅದು ನನಗೆ ತಲುಪಬೇಕು." ಇಷ್ಟು ಸಾಕು. "ಒಳ್ಳೆಯ ಫಾರ್ಮ್ ಬೇಕು" ಅಂತ ಬರೆದರೆ ಐವತ್ತು ಸೌಲಭ್ಯದ ಪ್ಲಗಿನ್ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ನಲವತ್ತೆಂಟು ನಿಮಗೆ ಬೇಡ.

ಇನ್ನೊಂದು ಉದಾಹರಣೆ. ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಮುಖಪುಟದಲ್ಲಿ ದಿನದ ದರ ಕಾಣಬೇಕು. ಹುಡುಕಿದರೆ ಷೇರುಪೇಟೆಯ ಥರ ಓಡುವ ಪಟ್ಟಿಯ ಪ್ಲಗಿನ್, ಬೆಲೆ ಪಟ್ಟಿಯ ಪ್ಲಗಿನ್, ಗ್ರಾಫ್ ಪ್ಲಗಿನ್ ಎಲ್ಲಾ ಸಿಗುತ್ತವೆ. ನಿಜವಾಗಿ ಬೇಕಾದ್ದು ಮೂರು ಸಾಲಿನ ಒಂದು ಟೇಬಲ್, ಹರಾಜಿನ ದಿನ ಫೋನಿನಲ್ಲೇ ತಿದ್ದುವಂತಿದ್ದರೆ ಆಯ್ತು. ಅದು ವರ್ಡ್‌ಪ್ರೆಸ್‌ನಲ್ಲೇ ಇದೆ.

ಹಂತ 2: ಕೋರ್‌ನಲ್ಲೇ ಇದೆಯಾ ನೋಡಿ

ಹಳೆಯ ವಿಡಿಯೋ ನೋಡಿಕೊಂಡು ಪ್ಲಗಿನ್ ಹಾಕುವವರು ಈ ಹಂತವನ್ನು ದಾಟಿಬಿಡುತ್ತಾರೆ. ವರ್ಡ್‌ಪ್ರೆಸ್ ಕೋರ್ ಈಚೆಗೆ ತುಂಬಾ ಬೆಳೆದಿದೆ. 2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ಬ್ಲಾಕ್ ಎಡಿಟರ್ ಇದೆ, ಅಂದರೆ ಪುಟವನ್ನು ಬ್ಲಾಕ್ ಅನ್ನುವ ತುಂಡುಗಳಾಗಿ ಜೋಡಿಸುವ ಜಾಗ. ಟೇಬಲ್, ಗ್ಯಾಲರಿ, ಬಟನ್, ಕಾಲಂ ಎಲ್ಲಾ ಅದರಲ್ಲೇ ಸಿಗುತ್ತವೆ. 2020ರ 5.5ರಿಂದ ಗೂಗಲ್‌ಗೆ ಬೇಕಾದ ಸೈಟ್‌ಮ್ಯಾಪ್ ತಾನೇ ತಯಾರಾಗುತ್ತದೆ. ಸೈಟ್‌ಮ್ಯಾಪ್ ಅಂದರೆ ನಿಮ್ಮ ಪುಟಗಳ ವಿಳಾಸಗಳ ಪಟ್ಟಿ. ಕೆಳಗಿರುವ ಫೋಟೋಗಳು ಓದುಗ ಅಲ್ಲಿಗೆ ಬಂದಾಗ ಮಾತ್ರ ಇಳಿಯುವ ಏರ್ಪಾಡೂ ಅದೇ ಆವೃತ್ತಿಯಿಂದ ಇದೆ. 2021ರ 5.8ರಿಂದ ಹಗುರವಾದ ವೆಬ್‌ಪಿ ಚಿತ್ರ ಹಾಕಬಹುದು. 2024ರ 6.5ರಿಂದ ಬ್ಲಾಕ್‌ಗಳಿಂದಲೇ ವಿನ್ಯಾಸ ಮಾಡುವ ಬ್ಲಾಕ್ ಥೀಮ್‌ಗಳಲ್ಲಿ ಫಾಂಟ್ ಹಾಕುವ ಜಾಗವೂ ಇದೆ. ನೋಟೋ ಸಾನ್ಸ್ ಕನ್ನಡ, ಟಿರೋ ಕನ್ನಡ, ಬಾಲೂ ತಮ್ಮ ಬೇಕು ಅಂತ ಪ್ರತ್ಯೇಕ ಫಾಂಟ್ ಪ್ಲಗಿನ್ ಹಾಕಬೇಕಾಗಿಲ್ಲ.

ಯೂಟ್ಯೂಬ್ ವಿಡಿಯೋಗೆ ಪ್ಲಗಿನ್ ಬೇಡ. ಲಿಂಕನ್ನು ಖಾಲಿ ಸಾಲಿನಲ್ಲಿ ಅಂಟಿಸಿದರೆ ಸಾಕು. ವಾಟ್ಸ್‌ಆ್ಯಪ್ ಬಟನ್‌ಗೂ ಬೇಡ. ವಾಟ್ಸ್‌ಆ್ಯಪ್‌ನವರೇ ಕೊಡುವ ಕಿರು ಲಿಂಕಿನ (wa.me/) ಕೊನೆಗೆ 91 ಸೇರಿಸಿ ನಿಮ್ಮ ನಂಬರ್ ಬರೆದು, ಬಟನ್ ಬ್ಲಾಕ್‌ಗೆ ಕೊಡಿ. ಪ್ಲಸ್ ಚಿಹ್ನೆ ಹಾಕಬೇಡಿ, ನಡುವೆ ಜಾಗ ಬಿಡಬೇಡಿ. ಬೀಗದ ಗುರುತು ಬರಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಹೆಚ್ಚಿನ ಹೋಸ್ಟಿಂಗ್‌ಗಳು ಉಚಿತವಾಗಿ ಕೊಡುತ್ತವೆ, ಅವರ ಪ್ಯಾನೆಲ್‌ನಲ್ಲೇ ಚಾಲೂ ಮಾಡಿಕೊಳ್ಳಿ.

ಟ್ರಸ್ಟಿಗೆ ದೇಣಿಗೆ ತೆಗೆದುಕೊಳ್ಳಬೇಕು, ತಿಂಗಳಿಗೆ ನಾಲ್ಕೈದು ಬರುತ್ತದೆ ಅಷ್ಟೇ ಅನ್ನುವವರು ಯುಪಿಐ ಕ್ಯೂಆರ್ ಚಿತ್ರವನ್ನೇ ಹಾಕಿ. ಹಣ ಬಂದಿದ್ದನ್ನು ಬ್ಯಾಂಕ್ ಖಾತೆಯಲ್ಲಿ ನೋಡಿಕೊಂಡು ರಸೀದಿ ಬರೆಯಿರಿ. ಅಷ್ಟಕ್ಕಾಗಿ ಸೈಟ್‌ಗೆ ಇಡೀ ಅಂಗಡಿಯ ತಂತ್ರಾಂಶ ಹೊರಿಸಬೇಡಿ.

ಹಂತ 3: ಪ್ಲಗಿನ್ ಪುಟವನ್ನು ಪೂರ್ತಿ ಓದಿ

ವರ್ಡ್‌ಪ್ರೆಸ್‌ನ ಅಧಿಕೃತ ಪ್ಲಗಿನ್ ಸಂಗ್ರಹದಲ್ಲಿ ಸುಮಾರು 60,000 ಪ್ಲಗಿನ್‌ಗಳಿವೆ. ಪ್ರತಿಯೊಂದಕ್ಕೂ ಒಂದು ಪುಟ ಇದೆ. ಹೆಚ್ಚಿನವರು ನಕ್ಷತ್ರ ನೋಡಿ ಹಾಕಿಬಿಡುತ್ತಾರೆ. ನಕ್ಷತ್ರಕ್ಕಿಂತ ಬಲಗಡೆಯ ಚಿಕ್ಕ ಅಕ್ಷರಗಳಲ್ಲೇ ಜಾಸ್ತಿ ವಿಷಯ ಇದೆ.

"ಲಾಸ್ಟ್ ಅಪ್‌ಡೇಟೆಡ್" ನೋಡಿ. ಒಂದು ವರ್ಷಕ್ಕಿಂತ ಹಳೆಯದಾದರೆ ನಾನು ಮುಂದಕ್ಕೆ ಹೋಗುತ್ತೇನೆ. "ಟೆಸ್ಟೆಡ್ ಅಪ್ ಟು" ಎದುರು ಯಾವ ಆವೃತ್ತಿ ಇದೆ ನೋಡಿ. ಇತ್ತೀಚಿನ ಮೂರು ದೊಡ್ಡ ಆವೃತ್ತಿಗಳಲ್ಲಿ ಪರೀಕ್ಷೆ ಆಗಿಲ್ಲದಿದ್ದರೆ ಪುಟದ ಮೇಲ್ಗಡೆಯೇ ಎಚ್ಚರಿಕೆ ಬಂದಿರುತ್ತದೆ. ಆ ಎಚ್ಚರಿಕೆ ಕಂಡರೆ ಬಿಟ್ಟುಬಿಡಿ.

"ಸಪೋರ್ಟ್" ಟ್ಯಾಬ್ ತೆರೆಯಿರಿ. ಕಳೆದ ಎರಡು ತಿಂಗಳಲ್ಲಿ ಬಂದ ದೂರು ಎಷ್ಟು, ಬಗೆಹರಿದದ್ದು ಎಷ್ಟು ಅನ್ನುವ ಲೆಕ್ಕ ಪುಟದಲ್ಲೇ ಇದೆ. ಲೆಕ್ಕಕ್ಕಿಂತ ಉತ್ತರಗಳನ್ನು ಓದಿ. ಮಾಡಿದವರು ತಾಳ್ಮೆಯಿಂದ ಉತ್ತರ ಕೊಟ್ಟಿದ್ದಾರಾ? "ಪೇಯ್ಡ್ ವರ್ಷನ್ ತಗೊಳ್ಳಿ" ಅಂತ ಮಾತ್ರ ಹೇಳಿ ಕಳಿಸುತ್ತಿದ್ದಾರಾ? ಹತ್ತು ನಿಮಿಷ ಓದಿದರೆ ಅವರ ಸ್ವಭಾವ ಗೊತ್ತಾಗಿಬಿಡುತ್ತದೆ. ರಿವ್ಯೂಗಳಲ್ಲಿ ಒಂದು ನಕ್ಷತ್ರದವನ್ನು, ಅದರಲ್ಲೂ ಹೊಸದಾಗಿ ಬಂದವನ್ನು ಓದಿ. ಅಪ್‌ಡೇಟ್ ಆದ ಮೇಲೆ ಸೈಟ್ ಬಿತ್ತು ಅಂತ ಒಂದೇ ವಾರದಲ್ಲಿ ಹಲವರು ಬರೆದಿದ್ದರೆ ಅದು ಸುಮ್ನೆ ಬರೆದದ್ದಲ್ಲ.

ಈಗ ಬಳಕೆದಾರರ ಸಂಖ್ಯೆಯ ವಿಚಾರ. "ಲಕ್ಷಾಂತರ ಜನ ಹಾಕಿದ್ದಾರೆ, ಹಾಗಾದರೆ ಸೇಫ್ ಅಲ್ವಾ?" ಅಂತ ಕೇಳುತ್ತಾರೆ. ಅಷ್ಟು ನಂಬಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯೂಪಿ ಫೈಲ್ ಮ್ಯಾನೇಜರ್ ಅನ್ನುವ ಪ್ಲಗಿನ್‌ನಲ್ಲಿ ದೊಡ್ಡ ತೂತು ಸಿಕ್ಕಿತು. ಲಾಗಿನ್ ಆಗದವರೂ ಸೈಟ್‌ಗೆ ತಮ್ಮ ಕಡತ ತುರುಕಬಹುದಿತ್ತು. ಆಗ ಅದು 7 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು. 2024ರ ಆಗಸ್ಟ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿದ್ದ ಲೈಟ್‌ಸ್ಪೀಡ್ ಕ್ಯಾಶ್‌ನಲ್ಲೂ ಗಂಭೀರ ದೋಷ ಹೊರಬಿತ್ತು. ಎರಡಕ್ಕೂ ತಿದ್ದಿದ ಆವೃತ್ತಿ ಬಂತು. ಅಪ್‌ಡೇಟ್ ಮಾಡದೆ ಕೂತವರಿಗೆ ಅಪಾಯ ಹಾಗೇ ಉಳಿಯಿತು. ತಪ್ಪು ಎಲ್ಲರ ಕೋಡ್‌ನಲ್ಲೂ ಇರುತ್ತದೆ. ಅದನ್ನು ತಿದ್ದಲು ಯಾರಾದರೂ ಇದ್ದಾರಾ ಅನ್ನುವುದನ್ನು ನೀವು ನೋಡಬೇಕು.

ಇನ್ನೂ ಕಾಣದ ಅಪಾಯ ಒಂದಿದೆ. 2017ರಲ್ಲಿ ಡಿಸ್‌ಪ್ಲೇ ವಿಜೆಟ್ಸ್ ಅನ್ನುವ ಪ್ಲಗಿನ್ ಮಾರಾಟವಾಯಿತು. ಸುಮಾರು 2 ಲಕ್ಷ ಸೈಟ್‌ಗಳಲ್ಲಿ ಇದ್ದದ್ದು. ಕೊಂಡವರ ಕೈಗೆ ಹೋದ ಮೇಲೆ ಬಂದ ಅಪ್‌ಡೇಟ್‌ಗಳಲ್ಲಿ ಸ್ಪ್ಯಾಮ್ ಪುಟ ತೋರಿಸುವ ಕೋಡ್ ಸೇರಿಕೊಂಡಿತ್ತು. ಲಾಗಿನ್ ಆಗಿರುವ ಮಾಲೀಕರಿಗೆ ಆ ಪುಟ ಕಾಣುತ್ತಿರಲಿಲ್ಲ, ಹೊರಗಿನವರಿಗೆ ಮಾತ್ರ ಕಾಣುತ್ತಿತ್ತು. ಕೊನೆಗೆ ಸಂಗ್ರಹದಿಂದ ಅದನ್ನು ತೆಗೆದುಹಾಕಿದರು. ಪ್ಲಗಿನ್ ಹಾಕುವುದು ಅಂದರೆ ಮನೆ ಬೀಗದ ಕೈಯನ್ನು ಒಬ್ಬರಿಗೆ ಕೊಟ್ಟ ಹಾಗೆ, ಅವರು ಅದನ್ನು ಇನ್ನೊಬ್ಬರಿಗೆ ದಾಟಿಸಿದರೆ ನಿಮಗೆ ಸುದ್ದಿ ಬರುವುದಿಲ್ಲ. ಹಾಗಾಗಿ "ಡೆವಲಪ್‌ಮೆಂಟ್" ಟ್ಯಾಬ್‌ನಲ್ಲಿ ಬದಲಾವಣೆಗಳ ಪಟ್ಟಿ ಓದಿ. ಮಾಡಿದವರ ಹೆಸರು ಬದಲಾಗಿದ್ದರೆ, ವರ್ಷಗಟ್ಟಲೆ ಸುಮ್ಮನಿದ್ದ ಪ್ಲಗಿನ್‌ಗೆ ದಿಢೀರನೆ ಹೊಸ ಆವೃತ್ತಿ ಬಂದಿದ್ದರೆ ಸ್ವಲ್ಪ ದಿನ ಕಾಯಿರಿ.

ಹಂತ 4: ದುಡ್ಡಿನ ಲೆಕ್ಕ

ಉಚಿತ ಪ್ಲಗಿನ್‌ನಲ್ಲಿ ನಿಮಗೆ ಬೇಕಾದ ಒಂದೇ ಸೌಲಭ್ಯ ದುಡ್ಡಿನ ಆವೃತ್ತಿಯಲ್ಲಿ ಇರುವುದು ಮಾಮೂಲಿ. ಹಂತ 1ರಲ್ಲಿ ಬರೆದ ಸಾಲು ತೆಗೆದುಕೊಂಡು, ಉಚಿತದಲ್ಲೇ ಆಗುತ್ತದಾ ಅಂತ ಹಾಕುವ ಮುಂಚೆಯೇ ನೋಡಿ. ದುಡ್ಡು ಕೊಡುವುದಾದರೆ ಮೊದಲ ವರ್ಷದ ರಿಯಾಯಿತಿ ನೋಡಬೇಡಿ, ಎರಡನೇ ವರ್ಷದ ನವೀಕರಣದ ಬೆಲೆ ನೋಡಿ. ಬೆಲೆ ಹೆಚ್ಚಾಗಿ ಡಾಲರ್‌ನಲ್ಲಿರುತ್ತದೆ. 2021ರ ಅಕ್ಟೋಬರ್ 1ರಿಂದ ತಾನೇ ಕಡಿತವಾಗುವ ಪಾವತಿಗೆ ಗ್ರಾಹಕರ ಒಪ್ಪಿಗೆ ಬೇಕು ಅನ್ನುವ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಯಲ್ಲಿದೆ. ಹಾಗಾಗಿ ವಿದೇಶಿ ಕಂಪನಿಯ ತಾನೇ ಕಡಿತವಾಗುವ ಪಾವತಿ ನಮ್ಮ ಕಾರ್ಡ್‌ಗಳಲ್ಲಿ ಎಷ್ಟೋ ಸಲ ನಿಂತುಹೋಗುತ್ತದೆ. ಪಾವತಿ ಆಗದಿದ್ದರೆ ಅಪ್‌ಡೇಟ್ ನಿಲ್ಲುತ್ತದೆ. ನವೀಕರಣದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಟೆಲಿಗ್ರಾಂನಲ್ಲಿ ಇನ್ನೂರು ರೂಪಾಯಿಗೆ "ಲೈಫ್‌ಟೈಮ್" ಅಂತ ಮಾರುವ ಪ್ರತಿಗಳನ್ನು ದಯವಿಟ್ಟು ಮುಟ್ಟಬೇಡಿ. ಇವಕ್ಕೆ ನಲ್ಡ್ ಪ್ಲಗಿನ್ ಅನ್ನುತ್ತಾರೆ, ಅಂದರೆ ಲೈಸೆನ್ಸ್ ಕೇಳುವ ಭಾಗವನ್ನು ಕಿತ್ತು ಹಂಚುವ ಪ್ರತಿ. ಕಿತ್ತವರು ಒಳಗೆ ಏನು ಸೇರಿಸಿದ್ದಾರೆ ಅಂತ ನೋಡಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಅಧಿಕೃತ ಅಪ್‌ಡೇಟ್ ಕೂಡ ಬರುವುದಿಲ್ಲ. ದುಡ್ಡಿಲ್ಲ ಅಂದರೆ ಆ ಸೌಲಭ್ಯ ಇಲ್ಲದೆಯೇ ಸೈಟ್ ನಡೆಸಿ, ಏನೂ ತೊಂದರೆ ಇಲ್ಲ.

ಹಂತ 5: ಕನ್ನಡದ ಪರೀಕ್ಷೆ

ಪ್ಲಗಿನ್ ಪುಟದಲ್ಲಿ ಡೌನ್‌ಲೋಡ್ ಬಟನ್ ಪಕ್ಕ "ಲೈವ್ ಪ್ರಿವ್ಯೂ" ಅಂತ ಇದ್ದರೆ ಒತ್ತಿ. ನಿಮ್ಮ ಬ್ರೌಸರ್‌ನಲ್ಲೇ ಒಂದು ತಾತ್ಕಾಲಿಕ ವರ್ಡ್‌ಪ್ರೆಸ್ ತೆರೆದುಕೊಳ್ಳುತ್ತದೆ, ನಿಮ್ಮ ಸೈಟ್‌ಗೆ ಏನೂ ಆಗುವುದಿಲ್ಲ. ಅದು ಇಲ್ಲದಿದ್ದರೆ ಹೋಸ್ಟಿಂಗ್‌ನಲ್ಲಿ ಸ್ಟೇಜಿಂಗ್ ಮಾಡಿಕೊಳ್ಳಿ. ಸ್ಟೇಜಿಂಗ್ ಅಂದರೆ ಪರೀಕ್ಷೆಗಾಗಿಯೇ ಇಟ್ಟುಕೊಳ್ಳುವ ಸೈಟ್‌ನ ನಕಲು. ಅಲ್ಲಿ ಕೆಳಗಿನವನ್ನೆಲ್ಲಾ ಮಾಡಿ ನೋಡಿ.

ಮೊದಲನೆಯದು ಫಾರ್ಮ್. ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಕಳಿಸಿ. ಇಮೇಲ್‌ನಲ್ಲಿ ಕನ್ನಡವೇ ಬಂತಾ ನೋಡಿ. ಬಿಟ್ಟ ಜಾಗಕ್ಕೆ ಬರುವ ಎಚ್ಚರಿಕೆ ಇಂಗ್ಲಿಷ್‌ನಲ್ಲಿದ್ದರೆ ಅದನ್ನು ಬದಲಾಯಿಸಲು ಆಗುತ್ತದಾ ನೋಡಿ. ಕಾಂಟ್ಯಾಕ್ಟ್ ಫಾರ್ಮ್ 7 ಅನ್ನುವ ಪ್ಲಗಿನ್‌ನಲ್ಲಿ ಇದಕ್ಕೆ ಪ್ರತ್ಯೇಕ ಟ್ಯಾಬ್ ಇದೆ. ಹಾಗೆ ಜಾಗ ಕೊಡದ ಪ್ಲಗಿನ್‌ಗಳ ಮಾತುಗಳನ್ನು ಲೋಕೋ ಟ್ರಾನ್ಸ್‌ಲೇಟ್ ಪ್ಲಗಿನ್ ಇಟ್ಟುಕೊಂಡು ನೀವೇ ಕನ್ನಡಕ್ಕೆ ತರಬಹುದು.

ಫಾರ್ಮ್‌ನ ಉತ್ತರಗಳನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯಿರಿ. ಸಿಎಸ್‌ವಿ ಅಂದರೆ ಅಲ್ಪವಿರಾಮದಿಂದ ಬೇರೆ ಮಾಡಿದ ಸರಳ ಪಟ್ಟಿ. ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡದ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬಂದರೆ ಹೆದರಬೇಡಿ, ಡೇಟಾ ಕೆಟ್ಟಿಲ್ಲ. ಎಕ್ಸೆಲ್‌ಗೆ ಅದು ಯೂನಿಕೋಡ್, ಅಂದರೆ ಎಲ್ಲಾ ಭಾಷೆಗಳ ಅಕ್ಷರಕ್ಕೂ ಇರುವ ಒಂದೇ ಸಂಕೇತ ಪದ್ಧತಿ, ಅಂತ ಗೊತ್ತಾಗಿಲ್ಲ ಅಷ್ಟೇ. ಡೇಟಾ ಮೆನುವಿನಿಂದ ಸಿಎಸ್‌ವಿ ತೆರೆಯುವ ಆಯ್ಕೆ ಹಿಡಿದು ಯುಟಿಎಫ್-8 ಅಂತ ಕೊಡಿ, ಇಲ್ಲವೇ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ. ಆಫೀಸಿನಲ್ಲಿ ಇದನ್ನು ದಿನಾ ತೆರೆಯುವವರಿಗೆ ಕಷ್ಟ ಆಗುತ್ತದೆ ಅಂದರೆ ಎಕ್ಸೆಲ್ ಕಡತವನ್ನೇ ಕೊಡುವ ಪ್ಲಗಿನ್ ನೋಡಿ.

ಎರಡನೆಯದು ಪಿಡಿಎಫ್. ರಸೀದಿ, ಬಿಲ್ಲು, ಪ್ರಮಾಣಪತ್ರ ತಯಾರಿಸುವ ಪ್ಲಗಿನ್‌ಗಳು ಕನ್ನಡದಲ್ಲಿ ಜಾಸ್ತಿ ಕೈ ಕೊಡುವುದು ಇಲ್ಲೇ. ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಪಿಡಿಎಫ್‌ನಲ್ಲಿ ಒಡೆದುಹೋಗುತ್ತದೆ. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ, ಕೆಲವೊಮ್ಮೆ ಬರೀ ಖಾಲಿ ಚೌಕಗಳು ಬರುತ್ತವೆ. ಚೌಕ ಬಂದರೆ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ, ಫಾಂಟ್ ಸೇರಿಸಿದರೆ ಸರಿಹೋಗಬಹುದು. ಒತ್ತಕ್ಷರ ಒಡೆದರೆ ಫಾಂಟ್ ಬದಲಾಯಿಸಿ ಪ್ರಯೋಜನ ಇಲ್ಲ. ಅಕ್ಷರ ಜೋಡಿಸುವ ಕೆಲಸವೇ ಆ ಪ್ಲಗಿನ್ ಒಳಗಿನ ತಂತ್ರಾಂಶಕ್ಕೆ ಬರುವುದಿಲ್ಲ. ಹಲವು ಪ್ಲಗಿನ್‌ಗಳು ಬಳಸುವ ಡಾಮ್‌ಪಿಡಿಎಫ್‌ಗೆ ಇದು ಬರುವುದಿಲ್ಲ, ಎಂಪಿಡಿಎಫ್‌ಗೆ ಬರುತ್ತದೆ. ಯಾವುದನ್ನು ಬಳಸಿದ್ದೀರಿ ಅಂತ ಕೊಳ್ಳುವ ಮುಂಚೆಯೇ ಕೇಳಿ. ಪರೀಕ್ಷೆಗೆ ಈ ಪದಗಳನ್ನು ಹಾಕಿ: ಶ್ರೀ, ಲಕ್ಷ್ಮೀ, ಕ್ಷೇತ್ರ, ಅರ್ಜಿ, ಸೂರ್ಯ, ಸಿದ್ಧಗಂಗಾ, ಕೊಬ್ಬರಿ. ಏಳೂ ಸರಿಯಾಗಿ ಬಂದರೆ ಮುಂದಕ್ಕೆ ಹೋಗಿ.

ಮೂರನೆಯದು ಪುಟದ ವಿಳಾಸ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ವಿಳಾಸದ ಕೊನೆಯ ಭಾಗ ಮಾಡುತ್ತದೆ. ಇದಕ್ಕೆ ಸ್ಲಗ್ ಅನ್ನುತ್ತಾರೆ. ಸ್ಲಗ್‌ಗೆ 200 ಚಿಹ್ನೆಗಳ ಮಿತಿ ಇದೆ. ಒಳಗೆ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಕೂರುತ್ತದೆ. ಕಾಗುಣಿತದ ಗುರುತು, ಒತ್ತಕ್ಷರಕ್ಕೆ ಬೇಕಾದ ವಿರಾಮ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಸುಮಾರು 22ಕ್ಕೇ ಮಿತಿ ಮುಗಿದುಹೋಗುತ್ತದೆ. "ತಿಪಟೂರು ಕೊಬ್ಬರಿ ಮಾರುಕಟ್ಟೆ ಇಂದಿನ ದರ" ಅಂತ ಶೀರ್ಷಿಕೆ ಕೊಟ್ಟರೆ ಸ್ಲಗ್ "ತಿಪಟೂರು-ಕೊಬ್ಬರಿ-ಮಾರುಕಟ್ಟ" ಅನ್ನುವಲ್ಲಿಗೆ ನಿಲ್ಲುತ್ತದೆ. ಟ್ಟೆಯ ಏತ್ವ ಕೂಡ ಉಳಿಯುವುದಿಲ್ಲ. ಅದೇ ಲಿಂಕ್ ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಕಾಣುತ್ತದೆ, ನೋಡಿದವರು ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ಇದಕ್ಕೆ ಪ್ಲಗಿನ್ ಬೇಡ. ಪ್ರಕಟಿಸುವ ಮುಂಚೆ ಬಲಗಡೆ ಸ್ಲಗ್ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದ ಬರೆಯಿರಿ. ಆಗಲೇ ಪ್ರಕಟವಾದ ಪುಟಗಳ ಸ್ಲಗ್ ಬದಲಾಯಿಸುವಾಗ ಹಳೆಯ ಲಿಂಕ್ ಹೊಸದಕ್ಕೆ ಹೋಗುತ್ತದಾ ನೋಡಿಕೊಳ್ಳಿ.

ನಾಲ್ಕನೆಯದು ಎಸ್‌ಇಒ ಪ್ಲಗಿನ್. ಗೂಗಲ್‌ನಲ್ಲಿ ಪುಟ ಸಿಗುವಂತೆ ಶೀರ್ಷಿಕೆ, ವಿವರಣೆ ಸರಿ ಮಾಡಿಕೊಳ್ಳಲು ನೆರವಾಗುವ ಪ್ಲಗಿನ್ ಇದು. ಯೋಸ್ಟ್, ರ‍್ಯಾಂಕ್ ಮ್ಯಾತ್ ಎರಡೂ ಪ್ರಸಿದ್ಧ, ಯಾವುದಾದರೂ ಒಂದು ಸಾಕು. ಆದರೆ ಅವು ಕೊಡುವ ಹಸಿರು, ಕೆಂಪು ದೀಪಗಳನ್ನು ಕನ್ನಡದಲ್ಲಿ ನಂಬಿ ಕೂರಬೇಡಿ. ನೀವು "ಕೊಬ್ಬರಿ" ಅಂತ ಮುಖ್ಯ ಪದ ಕೊಟ್ಟಿರುತ್ತೀರಿ. ಬರಹದಲ್ಲಿ ಕೊಬ್ಬರಿಯ, ಕೊಬ್ಬರಿಗೆ, ಕೊಬ್ಬರಿಯಲ್ಲಿ ಅಂತ ಬಂದಿರುತ್ತದೆ. ನಮ್ಮ ವಿಭಕ್ತಿಗಳನ್ನು ಕಲಿಯದ ತಂತ್ರಾಂಶಕ್ಕೆ ಇವೆಲ್ಲಾ ಬೇರೆ ಬೇರೆ ಪದ. ದೀಪ ಹಸಿರಾಗಲಿ ಅಂತ ಸಾಲು ಸಾಲಿಗೆ "ಕೊಬ್ಬರಿ" ತುರುಕಿದ ಬರಹಗಳನ್ನು ನೋಡಿದ್ದೇನೆ, ಓದಲು ಸಂಕಟ ಆಗುತ್ತದೆ. ದೀಪ ಕೆಂಪಾಗಿಯೇ ಇರಲಿ, ನಿಮ್ಮ ಕನ್ನಡ ಕೆಡಿಸಿಕೊಳ್ಳಬೇಡಿ. "ಓದಲು 3 ನಿಮಿಷ" ಅಂತ ತೋರಿಸುವ ಪ್ಲಗಿನ್‌ಗಳೂ ಇದೇ ಥರ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಎಣಿಸುವಂಥವು ಕನ್ನಡಕ್ಕೆ ತಪ್ಪು ಲೆಕ್ಕ ಕೊಡುತ್ತವೆ.

ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಸೈಟ್‌ಗೆ ಹಾಕಿದವರಿಗೆ ಒಂದು ಮಾತು. ಅದು ಒಳಗೆ ಇಂಗ್ಲಿಷ್ ಅಕ್ಷರಗಳೇ, ಫಾಂಟ್‌ನ ವೇಷ ಮಾತ್ರ ಕನ್ನಡದ್ದು. ಯಾವ ಸರ್ಚ್ ಪ್ಲಗಿನ್ ಹಾಕಿದರೂ ಅಲ್ಲಿ ಕನ್ನಡ ಪದ ಸಿಗುವುದಿಲ್ಲ, ಗೂಗಲ್‌ಗೂ ಸಿಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಕನ್ನಡ, ಇಂಗ್ಲಿಷ್ ಎರಡೂ ಬೇಕು ಅನ್ನುವವರು ಪಾಲಿಲ್ಯಾಂಗ್‌ನಂಥದ್ದನ್ನು ನೋಡಿ. ಅದರಲ್ಲಿ ಎರಡು ಭಾಷೆಗೂ ಪ್ರತ್ಯೇಕ ಪುಟ ಇರುತ್ತದೆ, ನೀವು ಬರೆದದ್ದು ನಿಮ್ಮ ಡೇಟಾಬೇಸ್‌ನಲ್ಲೇ ಉಳಿಯುತ್ತದೆ. ತಾನೇ ಅನುವಾದ ಮಾಡುವ ಪ್ಲಗಿನ್ ಹಾಕುವುದಾದರೆ, ಬಂದ ಕನ್ನಡವನ್ನು ನಿಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ತೀರ್ಮಾನ ಮಾಡಿ.

ಹಂತ 6: ಒಂದೊಂದಾಗಿ ಹಾಕಿ

ಬ್ಯಾಕಪ್ ತೆಗೆದುಕೊಂಡು ಒಂದೇ ಒಂದು ಪ್ಲಗಿನ್ ಹಾಕಿ. ಒಂದೆರಡು ದಿನ ಬಿಡಿ. ಒಟ್ಟಿಗೆ ಐದು ಹಾಕಿ ಸೈಟ್ ನಿಂತರೆ ಯಾವುದು ಕೆಡಿಸಿತು ಅಂತ ಹುಡುಕುವುದೇ ದೊಡ್ಡ ಕೆಲಸ ಆಗುತ್ತದೆ. ಹಾಕುವ ಮುಂಚೆ, ಹಾಕಿದ ಮೇಲೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಅಂಕ ನೋಡಿ. ಅದಕ್ಕಿಂತ ಮುಖ್ಯ, ವೈಫೈ ಆಫ್ ಮಾಡಿ ಒಂದು ಸಾಧಾರಣ ಫೋನಿನಲ್ಲಿ ಸೈಟ್ ತೆರೆಯಿರಿ. ನಿಮ್ಮ ಗಿರಾಕಿ ಪಾವಗಡದ ಬಸ್ಸಿನಲ್ಲಿ ಕೂತು ನೋಡುವುದು ಹಾಗೇ.

ಒಂದು ಕೆಲಸಕ್ಕೆ ಒಂದೇ ಪ್ಲಗಿನ್. ಎರಡು ಕ್ಯಾಶ್ ಪ್ಲಗಿನ್ ಹಾಕಿದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಕ್ಯಾಶ್ ಅಂದರೆ ಪುಟದ ಸಿದ್ಧ ಪ್ರತಿ ಇಟ್ಟುಕೊಂಡು ಬೇಗ ತೋರಿಸುವುದು. ಎರಡು ಸೆಕ್ಯೂರಿಟಿ ಪ್ಲಗಿನ್ ಹಾಕಿದರೆ ಭದ್ರತೆ ಎರಡರಷ್ಟಾಗುವುದಿಲ್ಲ, ನೀವೇ ಹೊರಗೆ ಉಳಿಯುವ ಸಾಧ್ಯತೆ ಜಾಸ್ತಿ.

ಟ್ಯೂಷನ್, ಶಾಲೆ ನಡೆಸುವವರು ಇದನ್ನು ತಪ್ಪದೆ ನೋಡಿ. ಕಾಂಟ್ಯಾಕ್ಟ್ ಫಾರ್ಮ್ 7 ಉತ್ತರಗಳನ್ನು ಇಮೇಲ್ ಕಳಿಸುತ್ತದೆ, ಸೈಟ್‌ನಲ್ಲಿ ಉಳಿಸಿಕೊಳ್ಳುವುದಿಲ್ಲ. ಹೋಸ್ಟಿಂಗ್‌ನಿಂದ ನೇರವಾಗಿ ಹೊರಟ ಇಮೇಲ್ ಎಷ್ಟೋ ಸಲ ಸ್ಪ್ಯಾಮ್‌ಗೆ ಬೀಳುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಮೇ, ಜೂನ್‌ನಲ್ಲಿ ಪೋಷಕರು ಫಾರ್ಮ್ ತುಂಬುತ್ತಿರುತ್ತಾರೆ, ನೀವು ಯಾರೂ ಕೇಳುತ್ತಿಲ್ಲ ಅಂದುಕೊಂಡಿರುತ್ತೀರಿ. ಹಾಗಾಗದಿರಲು ಅದೇ ಲೇಖಕರ ಫ್ಲೆಮಿಂಗೋ ಪ್ಲಗಿನ್ ಹಾಕಿ, ಉತ್ತರಗಳು ಸೈಟ್‌ನಲ್ಲೂ ಉಳಿಯುತ್ತವೆ. ಜೊತೆಗೆ ಎಸ್‌ಎಂಟಿಪಿ ಪ್ಲಗಿನ್ ಒಂದನ್ನು ಹಾಕಿ. ನಿಮ್ಮ ನಿಜವಾದ ಇಮೇಲ್ ಖಾತೆಯ ಮೂಲಕ ಪತ್ರ ಕಳಿಸುವ ಏರ್ಪಾಡು ಅದು. ವಾರಕ್ಕೊಮ್ಮೆ ನೀವೇ ಫಾರ್ಮ್ ತುಂಬಿ ಕಳಿಸಿ ನೋಡಿ. ಮಕ್ಕಳ ಆಧಾರ್ ನಂಬರನ್ನು ಈ ಫಾರ್ಮ್‌ನಲ್ಲಿ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ವಿಚಾರಣೆಗೆ ಹೆಸರು, ತರಗತಿ, ಫೋನ್ ಸಾಕಲ್ವಾ?

ಆನ್‌ಲೈನ್ ಮಾರಾಟಕ್ಕೆ ವೂಕಾಮರ್ಸ್ ಹಾಕುವವರು ಪಾವತಿ ಪ್ಲಗಿನ್‌ನ ಲೇಖಕರ ಹೆಸರು ನೋಡಿ. ರೇಜರ್‌ಪೇ ಆಗಲಿ, ಬೇರೆ ಯಾವುದೇ ಆಗಲಿ, ಆ ಕಂಪನಿಯೇ ಮಾಡಿದ ಪ್ಲಗಿನ್ ಮಾತ್ರ ಹಾಕಿ. ಹೆಸರು ಹೋಲುವ ಬೇರೆಯವರದ್ದು ಬೇಡ.

ಹಾಕಿದ ತಕ್ಷಣ ಸೈಟ್ ಬೆಳ್ಳಗಾದರೆ ಮೊದಲು ಇಮೇಲ್ ನೋಡಿ. 2019ರ 5.2 ಆವೃತ್ತಿಯಿಂದ ಇಂಥ ಸಮಯದಲ್ಲಿ ರಿಕವರಿ ಲಿಂಕ್ ಬರುತ್ತದೆ, ಅದರಿಂದ ಒಳಗೆ ಹೋಗಿ ತೊಂದರೆಯ ಪ್ಲಗಿನ್ ನಿಲ್ಲಿಸಬಹುದು. ಇಮೇಲ್ ಬರದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್ ಒಳಗಿನ ಪ್ಲಗಿನ್ಸ್ ಫೋಲ್ಡರ್‌ಗೆ ಹೋಗಿ. ಈಗ ತಾನೇ ಹಾಕಿದ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಾಯಿಸಿ. ಅದು ತಾನಾಗಿ ನಿಂತುಹೋಗುತ್ತದೆ, ಸೈಟ್ ತೆರೆದುಕೊಳ್ಳುತ್ತದೆ.

ಹಂತ 7: ತೆಗೆದು ನೋಡಿ

ಸ್ಟೇಜಿಂಗ್‌ನಲ್ಲಿ ಪ್ಲಗಿನ್ ಹಾಕಿ, ಅದನ್ನು ಬಳಸಿ ಒಂದು ಪುಟ ಮಾಡಿ. ಆಮೇಲೆ ಪ್ಲಗಿನ್ ನಿಲ್ಲಿಸಿ, ಪುಟ ತೆರೆದು ನೋಡಿ.

ಕೆಲವು ಪುಟಗಳಲ್ಲಿ ಚೌಕ ಕಂಸದೊಳಗೆ ಅರ್ಥವಾಗದ ಪದಗಳು ಉಳಿದಿರುತ್ತವೆ. ಅವು ಶಾರ್ಟ್‌ಕೋಡ್‌ಗಳು, ಅಂದರೆ "ಇಲ್ಲಿ ಗ್ಯಾಲರಿ ತೋರಿಸು" ಅಂತ ಪ್ಲಗಿನ್‌ಗೆ ಕೊಟ್ಟ ಸಂಕೇತ. ಪ್ಲಗಿನ್ ಹೋದ ಮೇಲೆ ಸಂಕೇತ ಮಾತ್ರ ಉಳಿಯುತ್ತದೆ. ನೂರು ಪುಟಗಳಲ್ಲಿ ಬಳಸಿದ್ದರೆ ನೂರನ್ನೂ ಕೈಯಲ್ಲೇ ತಿದ್ದಬೇಕು. ಪೇಜ್ ಬಿಲ್ಡರ್‌ಗಳಲ್ಲಿ ಈ ಕಟ್ಟು ಇನ್ನೂ ಬಿಗಿ. ಪುಟದ ಇಡೀ ವಿನ್ಯಾಸ ಅವುಗಳ ಕೈಯಲ್ಲೇ ಇರುವುದರಿಂದ, ತೆಗೆದರೆ ಬರೀ ಅಸ್ತವ್ಯಸ್ತವಾದ ಪಠ್ಯ ಉಳಿಯುತ್ತದೆ. ಚಿಕ್ಕ ಸೈಟ್‌ಗೆ ಬ್ಲಾಕ್ ಎಡಿಟರ್ ಸಾಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಮಾಹಿತಿ ಸೇರಿಸಿಡುವ ಪ್ಲಗಿನ್ ಆದರೆ ಎಕ್ಸ್‌ಪೋರ್ಟ್ ಬಟನ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿ. ಸದಸ್ಯರ ಪಟ್ಟಿ, ಆರ್ಡರ್, ಫಾರ್ಮ್ ಉತ್ತರ ಯಾವುದಾದರೂ ಸರಿ. ಎಕ್ಸ್‌ಪೋರ್ಟ್ ದುಡ್ಡಿನ ಆವೃತ್ತಿಯಲ್ಲಿ ಮಾತ್ರ ಇದೆ ಅಂದರೆ ಬೇರೆಯದನ್ನು ಹುಡುಕಿ.

ಹಂತ 8: ಹಾಕಿದ ಮೇಲೆ

ಬಳಸದ ಪ್ಲಗಿನ್ ನಿಲ್ಲಿಸಿದರೆ ಸಾಲದು, ಅಳಿಸಿ. ನಿಲ್ಲಿಸಿದ್ದರೂ ಕಡತಗಳು ಅಲ್ಲೇ ಇರುತ್ತವೆ, ಅದರ ತೂತುಗಳೂ ಇರುತ್ತವೆ. ಚಿಕ್ಕ ಪ್ಲಗಿನ್‌ಗಳಿಗೆ ಆಟೋ ಅಪ್‌ಡೇಟ್ ಚಾಲೂ ಮಾಡಿ, 5.5ರಿಂದ ಆ ಸೌಲಭ್ಯ ಪ್ಲಗಿನ್ ಪಟ್ಟಿಯ ಬಲಗಡೆಯೇ ಇದೆ. ವೂಕಾಮರ್ಸ್, ಪಾವತಿ ಪ್ಲಗಿನ್‌ಗಳನ್ನು ಮಾತ್ರ ಬ್ಯಾಕಪ್ ತೆಗೆದುಕೊಂಡು ಕೈಯಾರೆ ಅಪ್‌ಡೇಟ್ ಮಾಡಿ, ಹಬ್ಬದ ಹಿಂದಿನ ದಿನ ಮಾಡಬೇಡಿ. ಮಾಡಿದ ಮೇಲೆ ಒಂದು ಸಣ್ಣ ಆರ್ಡರ್ ಹಾಕಿ ನೋಡಿ.

ಮೂರು ತಿಂಗಳಿಗೊಮ್ಮೆ ನಿಮ್ಮ ಪ್ರತಿ ಪ್ಲಗಿನ್‌ನ ಅಧಿಕೃತ ಪುಟ ತೆರೆಯಿರಿ. ಸಂಗ್ರಹದಿಂದ ತೆಗೆದುಹಾಕಿದ ಪ್ಲಗಿನ್‌ನ ಪುಟದಲ್ಲಿ ಅದು ಮುಚ್ಚಿದೆ ಅಂತ, ಮುಚ್ಚಿದ ದಿನಾಂಕದ ಜೊತೆ ಬರೆದಿರುತ್ತದೆ. ನಿಮ್ಮ ಸೈಟ್‌ನಲ್ಲಿ ಮಾತ್ರ ಅದು ಏನೂ ಆಗದ ಹಾಗೆ ಓಡುತ್ತಿರುತ್ತದೆ, ಅಪ್‌ಡೇಟ್ ಬರದಿರುವುದರಿಂದ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಹಾಗೆ ಕಂಡರೆ ಅದೇ ವಾರ ಬದಲಿ ಹುಡುಕಿ.

ಪ್ಲಗಿನ್ ಮಾಡಿದವರಿಗೆ ದೂರು ಬರೆಯುವಾಗ "ವರ್ಕ್ ಆಗ್ತಿಲ್ಲ" ಅಂತಷ್ಟೇ ಬರೆದರೆ ಉತ್ತರ ಸಿಗುವುದು ಕಷ್ಟ. ಟೂಲ್ಸ್ ಮೆನುವಿನಲ್ಲಿ ಸೈಟ್ ಹೆಲ್ತ್, ಅದರಲ್ಲಿ ಇನ್ಫೋ ಟ್ಯಾಬ್‌ಗೆ ಹೋಗಿ. ಅಲ್ಲಿ ಒಂದು ಬಟನ್ ಒತ್ತಿದರೆ ವರ್ಡ್‌ಪ್ರೆಸ್ ಆವೃತ್ತಿ, ಪಿಎಚ್‌ಪಿ ಆವೃತ್ತಿ, ಥೀಮ್, ಪ್ಲಗಿನ್‌ಗಳ ಪಟ್ಟಿ ಎಲ್ಲಾ ಒಟ್ಟಿಗೆ ನಕಲಾಗುತ್ತದೆ. ಅದರ ಜೊತೆ ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಅಂತ ಮೂರು ಸಾಲು ಬರೆಯಿರಿ. ಕನ್ನಡ ಒಡೆದಿದ್ದರೆ ಸರಿಯಾದ ರೂಪದ ಚಿತ್ರ, ಒಡೆದ ರೂಪದ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಕಳಿಸಿ. ಕನ್ನಡ ಓದಲು ಬಾರದ ಡೆವಲಪರ್‌ಗೆ ಯಾವುದು ತಪ್ಪು ಅಂತ ಗೊತ್ತಾಗಲು ಅದೊಂದೇ ದಾರಿ.